ಕಟ್ಟಡ ತಪಾಸಣೆಯ ಶಿಕ್ಷಣ: ಅಮೆರಿಕದ ಸಮುದಾಯ ಕಾಲೇಜುಗಳ ಚರಿತ್ರೆಯ ಒಂದು ಅಧ್ಯಾಯ

ಕಾನೂನುಗಳ ಚರಿತ್ರೆಯನ್ನು ಬರೆಯುವಾಗ ನಾವು ಶಾಸನದ ಪಾಠವನ್ನು ಶ್ರದ್ಧೆಯಿಂದ ಓದುತ್ತೇವೆ. ಅದನ್ನು ಜಾರಿಗೆ ತಂದ ಕೈಗಳನ್ನು ಮಾತ್ರ ಸಾಮಾನ್ಯವಾಗಿ ಮರೆಯುತ್ತೇವೆ. ಶಾಸನಸಭೆಯಲ್ಲಿ ಅಂಗೀಕೃತವಾದ ವಿಧಿ ಇಟ್ಟಿಗೆ ಗಾರೆಗಳಲ್ಲಿ ನಿಜವಾಗಬೇಕಾದರೆ, ಆ ವಿಧಿಯನ್ನು ಓದಬಲ್ಲವನೂ ಗಾರೆಯ ಗುಣವನ್ನು ಅರಿಯಬಲ್ಲವನೂ ಆದ ಒಬ್ಬ ಮನುಷ್ಯನು ಕೆಲಸದ ಸ್ಥಳದಲ್ಲಿ ನಿಂತಿರಬೇಕು. ಅವನೇ ಕಟ್ಟಡ ತಪಾಸಣಾಧಿಕಾರಿ. ಅಂಥವನನ್ನು ಸಿದ್ಧಗೊಳಿಸುವ ಕಾರ್ಯದಲ್ಲಿ ಅಮೆರಿಕದ ಸಮುದಾಯ ಕಾಲೇಜುಗಳು ಹೇಗೆ ಪಾಲುಗೊಂಡುವೆಂಬುದನ್ನು, ಮುಖ್ಯವಾಗಿ ಕ್ಯಾಲಿಫೋರ್ನಿಯ ಸಂಸ್ಥಾನದ ನಿದರ್ಶನದಿಂದ, ವಿವೇಚಿಸುವುದು ಈ ಲೇಖನದ ಉದ್ದೇಶ.

ಕಟ್ಟಡದ ಭದ್ರತೆಗಾಗಿ ಕಾನೂನು ಮಾಡುವುದು ಹೊಸತಲ್ಲ. ಕಟ್ಟಿದ ಮನೆ ಕುಸಿದು ಅದರ ಒಡೆಯನು ಸತ್ತರೆ ಕಟ್ಟಿದವನಿಗೆ ಮರಣದಂಡನೆಯೆಂದು ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನವು ವಿಧಿಸಿತ್ತು. ಆದರೆ ಅದು ಅನಾಹುತದ ತರುವಾಯ ವಿಧಿಸುವ ಶಿಕ್ಷೆ. ಅನಾಹುತಕ್ಕೆ ಮೊದಲೇ ನೋಡುವ ಕಣ್ಣಲ್ಲ. 1666ರ ಮಹಾ ಅಗ್ನಿಯ ಮರುವರ್ಷ ಲಂಡನ್ನಿನಲ್ಲಿ ಬಂದ ಪುನರ್ನಿರ್ಮಾಣ ಶಾಸನವು ಕಟ್ಟುವ ಕೆಲಸವನ್ನು ಪರಿಶೀಲಿಸಲು ಸರ್ವೇಯರುಗಳನ್ನು ಏರ್ಪಡಿಸಿತು. ನ್ಯೂಯಾರ್ಕಿನಲ್ಲಿ 1860ರ ಎಲ್ಮ್ ಬೀದಿಯ ವಠಾರದ ಬೆಂಕಿ ಜನರನ್ನು ಎಚ್ಚರಿಸಿತು. 1862ರಲ್ಲಿ ಅಲ್ಲಿ ಕಟ್ಟಡಗಳ ತಪಾಸಣೆಗೆಂದೇ ಒಂದು ಇಲಾಖೆ ಹುಟ್ಟಿತು. ಹೀಗೆ ತಪಾಸಣೆಯ ಅಧಿಕಾರವು ಹಲವೆಡೆ ದುರಂತದ ಬೂದಿಯಿಂದಲೇ ಎದ್ದು ಬಂದುದನ್ನು ಕಾಣುತ್ತೇವೆ.

ಕ್ಯಾಲಿಫೋರ್ನಿಯದ ಪಾಲಿಗೆ ಅಂಥ ದುರಂತವು ಒದಗಿದುದು 1933ರ ಮಾರ್ಚ್ 10ರಂದು. ಅಂದು ಸಂಜೆ ಆರು ಗಂಟೆಗೆ ಕೆಲವು ನಿಮಿಷಗಳಿರುವಾಗ ಲಾಂಗ್ ಬೀಚ್ ನಗರದ ಸುತ್ತಮುತ್ತ ಭೂಕಂಪವಾಗಿ ಸುಮಾರು 120 ಮಂದಿ ಮೃತರಾದರು. ಸುಮಾರು 70 ಶಾಲೆಗಳು ನಾಶವಾದುವು. ಇನ್ನೂ ಅನೇಕ ಶಾಲೆಗಳು ಜಖಂಗೊಂಡುವು. ಕಬ್ಬಿಣದ ಸರಳುಗಳ ಬಲವಿಲ್ಲದ ಇಟ್ಟಿಗೆಯ ಗೋಡೆ, ಸತ್ತ್ವವಿಲ್ಲದ ಗಾರೆ ಇವೇ ಆ ನಾಶಕ್ಕೆ ಮುಖ್ಯ ಕಾರಣಗಳು. ಆ ಹೊತ್ತಿಗೆ ತರಗತಿಗಳು ಮುಗಿದಿದ್ದುವು. ಕೆಲವು ತಾಸು ಮುಂಚೆ ಭೂಮಿ ನಡುಗಿದ್ದರೆ ಸಹಸ್ರಾರು ಮಕ್ಕಳು ಆ ಗೋಡೆಗಳ ಕೆಳಗೆ ಸಿಲುಕುತ್ತಿದ್ದರೆಂಬುದು ತಾಯಿತಂದೆಗಳಿಗೆ ಒಡನೆಯೇ ಹೊಳೆಯಿತು. ಅದೇ ಊರಿನಲ್ಲಿ 1927ರಲ್ಲಿ ಸ್ಥಾಪಿತವಾಗಿ, ವಿಲ್ಸನ್ ಪ್ರೌಢಶಾಲೆಯ ಕಟ್ಟಡದಲ್ಲಿ ನಡೆಯುತ್ತಿದ್ದ ಜೂನಿಯರ್ ಕಾಲೇಜು ತನ್ನ ನೆಲೆಯನ್ನು ಕಳೆದುಕೊಂಡಿತು. ಅದರ ತರಗತಿಗಳು ಉದ್ಯಾನದ ಬಯಲಿನಲ್ಲಿ ನಡೆಯಬೇಕಾಯಿತು. 1935ರಲ್ಲಿ ಅದು ತನ್ನದೇ ಆದ ಹೊಸ ನಿವೇಶನಕ್ಕೆ ಹೋಯಿತು. ಮುಂದೆ ಕಟ್ಟಡ ತಪಾಸಣೆಯನ್ನು ಕಲಿಸಬೇಕಾಗಿದ್ದ ವರ್ಗದ ಕಾಲೇಜೊಂದು ಹೀಗೆ ತಾನೇ ಆ ಪಾಠವನ್ನು ಬಯಲಿನಲ್ಲಿ ಕುಳಿತು ಕಲಿಯಬೇಕಾಯಿತು.

ಭೂಕಂಪವಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು, ಫೀಲ್ಡ್ ಶಾಸನವು ಜಾರಿಗೆ ಬಂದಿತು. ಸಾರ್ವಜನಿಕ ಶಾಲೆಗಳ ನಕ್ಷೆಗಳನ್ನು ಸಂಸ್ಥಾನದ ವಾಸ್ತುಶಿಲ್ಪ ವಿಭಾಗವು ಪರಿಶೀಲಿಸಬೇಕು. ಕೆಲಸವು ನಡೆಯುವಷ್ಟು ಕಾಲವೂ ಅರ್ಹನಾದ ತಪಾಸಣಾಧಿಕಾರಿ ಸ್ಥಳದಲ್ಲಿರಬೇಕು. ಕೆಲಸ ನಕ್ಷೆಯಂತೆ ನಡೆದಿದೆಯೆಂದು ಸಂಬಂಧಪಟ್ಟವರು ಪ್ರಮಾಣಪೂರ್ವಕ ವರದಿ ಕೊಡಬೇಕು — ಇವು ಅದರ ತಿರುಳು. ತಪಾಸಣಾಧಿಕಾರಿಯ ಸಂಬಳವು ಶಾಲಾಮಂಡಲಿಯಿಂದ ಬರುತ್ತಿತ್ತೇ ಹೊರತು ಕಂಟ್ರಾಕ್ಟರನಿಂದಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. 1952ರ ಕೆರ್ನ್ ಪ್ರಾಂತದ ಭೂಕಂಪದಲ್ಲಿ ಹಳೆಯ ಶಾಲೆಗಳು ಹೆಚ್ಚು ಹಾನಿಗೊಂಡುವು. ಈ ಶಾಸನಕ್ಕನುಸಾರವಾಗಿ ಕಟ್ಟಿದವು ಬಹುಮಟ್ಟಿಗೆ ನಿಂತುವು.

ಆದರೆ ಅರ್ಹನಾದ ತಪಾಸಣಾಧಿಕಾರಿಯನ್ನು ಎಲ್ಲಿಂದ ತರಬೇಕು? ಹಿಂದೆ ಬಡಗಿಗಳೂ ಮೇಸ್ತ್ರಿಗಳೂ ವಯಸ್ಸಾದ ಮೇಲೆ ಈ ಉದ್ಯೋಗಕ್ಕೆ ಬರುತ್ತಿದ್ದರು. ತೂಗುಗುಂಡು ರಸಮಟ್ಟಗಳು ಅವರ ಕೈಗೆ ಒಗ್ಗಿದ್ದುವು. ನಕ್ಷೆ ಲೆಕ್ಕಗಳು ಅಷ್ಟಾಗಿ ಒಗ್ಗಿರಲಿಲ್ಲ. ಇತ್ತ ನಿಯಮಗಳೋ ವರ್ಷವರ್ಷಕ್ಕೆ ಬೆಳೆಯುತ್ತಿದ್ದುವು. ಪಶ್ಚಿಮ ತೀರದ ಕಟ್ಟಡಾಧಿಕಾರಿಗಳ ಸಮ್ಮೇಳನವು 1927ರಲ್ಲಿ ಏಕರೂಪ ಕಟ್ಟಡ ನಿಯಮಾವಳಿಯನ್ನು ಪ್ರಕಟಿಸಿತ್ತು. ಮೇಸ್ತ್ರಿಗೂ ಇಂಜಿನಿಯರಿಗೂ ನಡುವಣ ಈ ತೆರವನ್ನು ತುಂಬಲು ವಿಶ್ವವಿದ್ಯಾನಿಲಯವು ತಕ್ಕ ಸ್ಥಳವಾಗಿರಲಿಲ್ಲ.

ಆ ತೆರವಿಗೆ ಒದಗಿದ ಸಂಸ್ಥೆಯೇ ಜೂನಿಯರ್ ಕಾಲೇಜು. ಇದರ ಆರಂಭ 1901ರಲ್ಲಿ, ಇಲಿನಾಯ್ ಸಂಸ್ಥಾನದ ಜೋಲಿಯೆಟ್ಟಿನಲ್ಲಿ, ಆರು ಮಂದಿ ವಿದ್ಯಾರ್ಥಿಗಳೊಡನೆ ಆಯಿತು. ಕ್ಯಾಲಿಫೋರ್ನಿಯವು 1907ರ ಶಾಸನದಿಂದ ಪ್ರೌಢಶಾಲೆಗಳಿಗೆ ಮುಂದಿನ ತರಗತಿಗಳನ್ನು ನಡೆಸುವ ಅವಕಾಶವನ್ನಿತ್ತಿತು. ಎರಡನೆಯ ಮಹಾಯುದ್ಧದ ತರುವಾಯ, 1944ರ ಸೈನಿಕರ ಶಾಸನದ ನೆರವಿನಿಂದ ಮರಳಿದ ಯೋಧರು ಕಾಲೇಜುಗಳಿಗೆ ಬಂದರು. ಮನೆಗಳ ನಿರ್ಮಾಣವೂ ಭರದಿಂದ ಸಾಗಿತು. ‘ಸಮುದಾಯ ಕಾಲೇಜು’ ಎಂಬ ಹೆಸರನ್ನು ಬಳಕೆಗೆ ತಂದುದು ಅಧ್ಯಕ್ಷ ಟ್ರೂಮನ್ನನು ನೇಮಿಸಿದ ಆಯೋಗದ 1947ರ ವರದಿ. ಊರಿನ ಅಗತ್ಯವೇ ಕಾಲೇಜಿನ ಪಾಠಕ್ರಮವನ್ನು ನಿರ್ಧರಿಸಬೇಕೆಂಬುದು ಆ ಹೆಸರಿನಲ್ಲಡಗಿದ ತತ್ತ್ವ. ಕಾಲಕ್ರಮದಲ್ಲಿ ಈ ಕಾಲೇಜುಗಳ ವೃತ್ತಿಪಾಠಗಳಲ್ಲಿ ಕಟ್ಟಡ ತಪಾಸಣೆಯೂ ಸೇರಿತು. ಸ್ಯಾನ್ ಮಟೇಯೊ ಕಾಲೇಜಿನಂಥವು ಅದನ್ನು ಪ್ರತ್ಯೇಕ ವಿಷಯವಾಗಿಯೇ ಬೋಧಿಸಿದುವು.

ಈ ಶಿಕ್ಷಣದ ಸ್ವರೂಪವನ್ನು ಸ್ವಲ್ಪ ನೋಡೋಣ. ಹಗಲು ದುಡಿಯುವವರಿಗಾಗಿ ತರಗತಿಗಳು ಬಹುಶಃ ಸಂಜೆ ನಡೆಯುತ್ತವೆ. ಕಲಿಸುವವರಲ್ಲಿ ಅನೇಕರು ಸ್ವತಃ ತಪಾಸಣೆಯ ಕೆಲಸದಲ್ಲಿರುವವರು. ನಕ್ಷೆಯನ್ನು ಓದುವುದು, ನಿಯಮಾವಳಿಯಲ್ಲಿ ಬೇಕಾದ ವಿಧಿಯನ್ನು ಹುಡುಕಿ ತೆಗೆಯುವುದು, ಅಡಿಪಾಯ, ಮರಗೆಲಸ, ವಿದ್ಯುತ್ತು, ನೀರಿನ ಕೊಳಾಯಿ ಇವೆಲ್ಲ ಪಾಠದ ವಿಷಯಗಳು. ಇವೆಲ್ಲದರ ಹಿಂದಿರುವ ಸೂತ್ರ ಒಂದೇ: ಮುಚ್ಚಿಹೋಗುವುದನ್ನು ಮುಚ್ಚುವ ಮೊದಲೇ ನೋಡಬೇಕು. ಕಾಂಕ್ರೀಟು ಸುರಿಯುವ ಮುನ್ನ ಪಾಯದ ಸರಳುಗಳನ್ನೂ, ಗೋಡೆಗೆ ಹೊದಿಕೆ ಹಾಕುವ ಮುನ್ನ ತಂತಿ ಕೊಳವೆಗಳನ್ನೂ ನೋಡದಿದ್ದರೆ ಮತ್ತೆ ಅವು ಕಣ್ಣಿಗೆ ಬೀಳುವುದು ಕಟ್ಟಡ ಒಡೆದಾಗಲೇ. ಕಾಲೇಜಿನ ಪ್ರಮಾಣಪತ್ರ ಅಥವಾ ಎರಡು ವರ್ಷದ ಪದವಿ ಇದಕ್ಕೆ ಬುನಾದಿ ಮಾತ್ರ. ಕ್ಯಾಲಿಫೋರ್ನಿಯವು 1990ರ ದಶಕದಲ್ಲಿ ಮಾಡಿದ ಕಾನೂನಿನ ಪ್ರಕಾರ ಒಂದು ವರ್ಷದ ಅನುಭವ, ಅದರ ಮೇಲೆ ಮಾನ್ಯ ಸಂಸ್ಥೆಯ ಅರ್ಹತಾಪತ್ರ, ಆಮೇಲೆ ಮೂರು ವರ್ಷಕ್ಕೊಮ್ಮೆ 45 ಗಂಟೆಗಳ ಮುಂದುವರಿದ ಶಿಕ್ಷಣ ಬೇಕು.

ಶಿಕ್ಷಣವೊಂದೇ ಸಾಕೆಂದು ನಾವು ಹೇಳುವುದಿಲ್ಲ. 1992ರ ಆಗಸ್ಟಿನಲ್ಲಿ ಆಂಡ್ರೂ ಚಂಡಮಾರುತವು ದಕ್ಷಿಣ ಫ್ಲಾರಿಡವನ್ನು ಹೊಡೆದಾಗ, ಬಿಗಿಯಾದುದೆಂದು ಹೆಸರಾದ ನಿಯಮಾವಳಿಯಿದ್ದ ಪ್ರದೇಶದಲ್ಲಿಯೇ ಸಾವಿರಾರು ಮನೆಗಳ ಮಾಡುಗಳು ಹಾರಿಹೋದುವು. ನಿಯಮವಿತ್ತು, ಕೆಲಸ ಕಳಪೆಯಾಗಿತ್ತು, ತಪಾಸಣೆ ಸಡಿಲವಾಗಿತ್ತು. ಮರುವರ್ಷವೇ ಆ ಸಂಸ್ಥಾನವು ತಪಾಸಣಾಧಿಕಾರಿಗಳಿಗೆ ಲೈಸೆನ್ಸನ್ನು ವಿಧಿಸಿತು. ಕೆಲಸವನ್ನು ನಿಲ್ಲಿಸಿರೆಂದು ಹೇಳುವ ಧೈರ್ಯವನ್ನು ಯಾವ ಕಾಲೇಜೂ ಪಾಠಮಾಡಲಾರದು. ಆದರೆ ಯಾವ ವಿಧಿಯ ಪ್ರಕಾರ ನಿಲ್ಲಿಸುತ್ತಿದ್ದೇನೆಂದು ಬಲ್ಲವನಿಗೆ ಆ ಧೈರ್ಯ ಸುಲಭವಾಗಿ ಬರುತ್ತದೆ.

ಧಾರವಾಡದಲ್ಲಿ 2019ರ ಮಾರ್ಚಿಯಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಮಂದಿ ಮಡಿದುದನ್ನು ಕಂಡ ನಮಗೆ ಈ ವಿಷಯ ದೂರದೇಶದ್ದೆಂದು ತೋರುವುದಿಲ್ಲ. ನಿಯಮಗಳೆಷ್ಟಿವೆ ಎಂದು ಕೇಳುವುದರ ಜೊತೆಗೆ ಅವುಗಳನ್ನು ನೋಡಿಕೊಳ್ಳುವವರು ಎಲ್ಲಿ, ಯಾರಿಂದ ಕಲಿಯುತ್ತಾರೆಂದು ಕೇಳುವುದೂ ಚರಿತ್ರಕಾರನ ಕೆಲಸ. ಬಿದ್ದ ಕಟ್ಟಡದ ವಿಚಾರಣೆಯ ವರದಿ ದಫ್ತರದಲ್ಲಿ ಉಳಿಯುತ್ತದೆ. ಬೀಳದೆ ನಿಂತ ಕಟ್ಟಡವನ್ನು ಕುರಿತು ಯಾರೂ ವಿಚಾರಿಸುವುದಿಲ್ಲ. ಆದುದರಿಂದ ಸಂಜೆಯ ತರಗತಿಗಳ ಪಾಠಪಟ್ಟಿಗಳನ್ನೂ ತಪಾಸಣೆಯ ವರದಿಗಳನ್ನೂ ಆಕರಗಳೆಂದು ಭಾವಿಸಿ ಸಂಗ್ರಹಿಸುವ ಕಾರ್ಯಕ್ಕೆ ನಮ್ಮ ವಿದ್ಯಾರ್ಥಿಗಳು ಮನಸ್ಸು ಕೊಡಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.