ಕೋಟೆ, ಕುದುರೆ ಮತ್ತು ಕಾಲುವೆ

ಹಂಪಿ–ಕಂಪ್ಲಿಗಳ ನಡುವೆ ತುಂಗಭದ್ರೆಯ ದಕ್ಷಿಣ ತೀರದಲ್ಲಿರುವ ಬುಕ್ಕಸಾಗರವು ಬುಕ್ಕರಾಯನ ಹೆಸರನ್ನು ನೆನಪಿಗೆ ತರುವ ಊರು. ಈ ಸೀಮೆಯಲ್ಲಿ ವಿಜಯನಗರದ ಕೋಟೆಗೋಡೆಗಳು ಪಾಳುಬಿದ್ದಿವೆ. ಆದರೆ ಆ ಕಾಲದ ಹಲವು ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಬೊಕ್ಕಸ ಕಿರಿದಾಗಿ ಭಯ ಹಿರಿದಾದಾಗ ರಾಜ್ಯವು ಯಾವುದಕ್ಕೆ ಮೊದಲು ವೆಚ್ಚ ಮಾಡಬೇಕೆಂಬ ಪ್ರಶ್ನೆಗೆ ಈ ನೆಲದ ಇತಿಹಾಸವು ಬೆಳಕು ನೀಡುತ್ತದೆ.

ಅಹಿಂಸಾಧರ್ಮಕ್ಕೂ ದೇಶರಕ್ಷಣೆಗೂ ವಿರೋಧವಿದೆಯೆಂದು ಕೆಲವರು ಭಾವಿಸುತ್ತಾರೆ. ಜೈನಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ತ್ಯಜಿಸಲೇಬೇಕು. ರಕ್ಷಣೆಯಲ್ಲಿ ಅನಿವಾರ್ಯವಾಗುವ ವಿರೋಧೀ ಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನು. ಎರಡನೆಯ ಹರಿಹರನ ದಂಡನಾಯಕನಾದ ಇರುಗಪ್ಪನು ಶ್ರಾವಕನೇ ಆಗಿದ್ದನು. ಕಮಲಾಪುರದಿಂದ ಕಂಪ್ಲಿಗೆ ಸಾಗುವ ಹಾದಿಯಲ್ಲಿ, 1385ರಲ್ಲಿ ಅವನು ಕಟ್ಟಿಸಿದ ಕುಂಥುನಾಥ ಜಿನಾಲಯವು ‘ಗಾಣಗಿತ್ತಿ ಗುಡಿ’ ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಖಡ್ಗ ಹಿಡಿದ ಕೈಯೇ ಜಿನಾಲಯವನ್ನೂ ಕಟ್ಟಿಸಿತು.

ಎರಡನೆಯ ದೇವರಾಯನು (1424–1446) ಬಹಮನಿಗಳೆದುರು ತನ್ನ ಸೇನೆಗೆ ಪದೇಪದೇ ಸೋಲಾಗುತ್ತಿರಲು, ಅದರ ಕಾರಣವನ್ನು ಸಭೆಯಲ್ಲಿ ಕೇಳಿದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಎದುರಾಳಿಗಳ ಕುದುರೆಗಳು ಬಲಿಷ್ಠ, ಬಿಲ್ಲಾಳುಗಳು ನಿಪುಣರು ಎಂಬ ಉತ್ತರ ಬಂದಿತು. ಅರಸನು ಗೋಡೆಗಳನ್ನು ಹೆಚ್ಚಿಸದೆ ಮುಸ್ಲಿಂ ಬಿಲ್ಲಾಳುಗಳನ್ನು ನೇಮಿಸಿಕೊಂಡು, ತನ್ನವರಿಗೂ ಆ ವಿದ್ಯೆಯನ್ನು ಕಲಿಸಿದನು. ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯೂ, ಅರಸನೇ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವೂ ಹಂಪಿಯಲ್ಲಿವೆ. ಪ್ರಜೆಗಳ ಪರಸ್ಪರ ವಿಶ್ವಾಸವೂ ರಕ್ಷಣೆಯ ಒಂದು ಅಂಗವೆಂಬುದಕ್ಕೆ ಇವು ಸಾಕ್ಷಿ.

ಮುಂದೆ ವಿರೂಪಾಕ್ಷರಾಯನ ಕಾಲದಲ್ಲಿ ರಾಜ್ಯ ಕುಗ್ಗಿತು. 1472ರಲ್ಲಿ ಗೋವೆಯು ಬಹಮನಿಗಳ ವಶವಾಗಿ, ಅರಬ್ಬೀ ಕುದುರೆಗಳು ಬರುವ ದಾರಿಯೇ ಇಕ್ಕಟ್ಟಾಯಿತು. 1485ರಲ್ಲಿ ಪಟ್ಟವೇರಿದ ಸಾಳುವ ನರಸಿಂಹನು ಕುದುರೆಗಳನ್ನೇ ಮೊದಲ ಅಗತ್ಯವೆಂದು ಬಗೆದನು. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅವನು ಪೂರ್ಣ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ನಷ್ಟದ ಭಯದಿಂದ ವರ್ತಕರು ಬೇರೆ ಬಂದರುಗಳತ್ತ ತಿರುಗದಿರಲು ಇದು ತಕ್ಕ ಉಪಾಯವಾಗಿದ್ದಿತು.

ಅಬ್ದುಲ್ ರಜಾಕನು 1443ರಲ್ಲಿ ಈ ನಗರದ ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾಗಿದ್ದನು. ಆದರೆ 1565ರಲ್ಲಿ ರಕ್ಕಸಗಿ–ತಂಗಡಗಿಯ ರಣಭೂಮಿಯಲ್ಲಿ ಸೋಲಾದಾಗ ತಿರುಮಲರಾಯನು ಬೊಕ್ಕಸದೊಡನೆ ಪೆನುಕೊಂಡೆಗೆ ತೆರಳಿದನು. ಕಾಯುವವರಿಲ್ಲದ ಕೋಟೆಯಿಂದ ರಾಜಧಾನಿಗೆ ರಕ್ಷಣೆ ದೊರೆಯಲಿಲ್ಲ.

1980ರ ದಶಕದ ಉತ್ತರಾರ್ಧದಲ್ಲಿ ಭಾರತವು ರಾಷ್ಟ್ರೀಯ ಉತ್ಪನ್ನದ ಶೇ. 3ಕ್ಕಿಂತ ಹೆಚ್ಚು ಭಾಗವನ್ನು ರಕ್ಷಣೆಗೆ ವಿನಿಯೋಗಿಸುತ್ತಿದ್ದಿತು. ಇತ್ತೀಚಿನ ವರ್ಷಗಳಲ್ಲಿ ಅದು ಶೇ. 2ರ ಆಸುಪಾಸಿಗೆ ಇಳಿದಿದೆ. ಅದರಲ್ಲಿ ಸುಮಾರು ಅರ್ಧವು ವೇತನ, ಪಿಂಚಣಿಗಳಿಗೇ ವ್ಯಯವಾಗುತ್ತದೆ. ಡ್ರೋನ್, ಸೈಬರ್ ದಾಳಿಗಳಂತಹ ಹೊಸ ಅಪಾಯಗಳಾದರೋ ಎದುರಿಗಿವೆ. ಎಲ್ಲವನ್ನೂ ಕೊಳ್ಳಬೇಕೆಂಬ ಆಸೆಯೂ ಪರಿಗ್ರಹವೇ. ಏನನ್ನೂ ಕೊಳ್ಳಬಾರದೆಂಬುದು ಪ್ರಮಾದ. ಪರಿಗ್ರಹ ಪರಿಮಾಣವ್ರತವು ಗೃಹಸ್ಥನಿಗೆ ಕಲಿಸುವುದು ಅಗತ್ಯವನ್ನರಿತು ಮಿತಿ ಹಾಕಿಕೊಳ್ಳುವುದನ್ನು. ಆ ವಿವೇಕವು ರಾಷ್ಟ್ರಕ್ಕೂ ಸಲ್ಲತಕ್ಕದ್ದು. ಯಾವ ಅಪಾಯ ನಿಜವೆಂದು ಮೊದಲು ವಿಚಾರಿಸಿ, ಜನರ ನೈಪುಣ್ಯಕ್ಕೂ ವಿಶ್ವಾಸಕ್ಕೂ ಹಣ ತೊಡಗಿಸಿ, ಅನ್ನ ನೀಡುವ ಕಾಲುವೆಯನ್ನು ಬತ್ತಗೊಡದ ನಾಡೇ ಸುರಕ್ಷಿತ ನಾಡು.