ಎರಡು ಬೆರಳಿನ ಜಗಳ

ಬಾರ್ಸಿಲೋನಾದಿಂದ ಹೊರಡುವ ದಿನ ವಿಮಾನದ ಗೇಟಿನಲ್ಲಿದ್ದ ಹುಡುಗಿ ನನ್ನ ಚೀಲವನ್ನು ಪಕ್ಕದ ಕಬ್ಬಿಣದ ಚೌಕಟ್ಟಿನೊಳಗೆ ಇಳಿಸಲು ಹೇಳಿದಳು. ಚೀಲ ಇಳಿಯಿತು, ಗಾಲಿಗಳು ಎರಡು ಬೆರಳಿನಷ್ಟು ಹೊರಗೇ ಉಳಿದವು. 60 ಯೂರೋ ಎಂದಳು. ನನ್ನ ಟಿಕೆಟ್ಟೇ 38 ಯೂರೋ! ಬರುವಾಗ ಇದೇ ಚೀಲ, ಇದೇ ಕಂಪನಿ, ಆಗ ಯಾರೂ ಕೇಳಲಿಲ್ಲವಲ್ಲ ಎಂದು ವಾದಿಸಿದೆ. "ಕೊಟ್ಟುಬಿಡ್ರೀ, ಬಾಗಿಲು ಹಾಕಿಬಿಡ್ತಾರೆ" ಎಂದು ಹೆಂಡತಿ ತೋಳು ಜಗ್ಗಿದಳು. ಕೊಟ್ಟೆ. ಆದರೆ ಆ ಚೌಕಟ್ಟು ಅಲ್ಲಿಗೆ ಬಂದದ್ದು ಹೇಗೆ ಎಂಬ ಪ್ರಶ್ನೆ ಬಿಡಲಿಲ್ಲ.

ವಿಮಾನಯಾನದ ಮೊದಲ ದಿನಗಳಲ್ಲಿ ಸಾಮಾನಿನ ಜೊತೆಗೆ ಪ್ರಯಾಣಿಕರನ್ನೂ ತಕ್ಕಡಿಗೆ ಹತ್ತಿಸುತ್ತಿದ್ದರು. ಪುಟ್ಟ ವಿಮಾನ ಮೇಲೇಳಬೇಕೆಂದರೆ ಒಂದೊಂದು ಕಿಲೋ ಕೂಡ ಲೆಕ್ಕಕ್ಕೆ ಬರುತ್ತಿತ್ತು. 1929ರ ವಾರ್ಸಾ ಒಪ್ಪಂದವೂ ಕಳೆದುಹೋದ ಸಾಮಾನಿನ ಪರಿಹಾರದ ಮಿತಿಯನ್ನು ಕಿಲೋಗೆ 250 ಫ್ರಾಂಕ್ ಎಂದು ತೂಕದಲ್ಲೇ ಅಳೆಯಿತು.

ಮುಂದೆ ದೊಡ್ಡ ಜೆಟ್ ವಿಮಾನಗಳು ಬಂದವು, ತೂಕದ ಭಯ ಕಡಿಮೆಯಾಯಿತು. 1978ರಲ್ಲಿ ಅಮೆರಿಕ ಟಿಕೆಟ್ ದರದ ಮೇಲಿನ ಸರ್ಕಾರಿ ಹಿಡಿತವನ್ನು ತೆಗೆಯಲು ಕಾನೂನು ಮಾಡಿತು. ದರ ಇಳಿಸುವ ಪೈಪೋಟಿ ಶುರುವಾಯಿತು. 2008ರಲ್ಲಿ ತೈಲದ ಬೆಲೆ ಆಕಾಶಕ್ಕೇರಿದಾಗ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್-ಇನ್ ಚೀಲಕ್ಕೇ 15 ಡಾಲರ್ ಹಾಕಿತು. ತೈಲ ಇಳಿಯಿತು, ಶುಲ್ಕ ಇಳಿಯಲಿಲ್ಲ.

ಜನ ಸುಮ್ಮನಿರುತ್ತಾರೆಯೇ? ಚೀಲವನ್ನು ಒಳಗೇ ಒಯ್ದರು. ಅದಕ್ಕೆ ಅನುಕೂಲ ಮೊದಲೇ ಸಿದ್ಧವಾಗಿತ್ತು. ಬರ್ನಾರ್ಡ್ ಸ್ಯಾಡೋ ಗಾಲಿ ಸೂಟ್‌ಕೇಸಿಗೆ 1972ರಲ್ಲಿ ಪೇಟೆಂಟ್ ಪಡೆದಿದ್ದರು. ಪೈಲಟ್ ರಾಬರ್ಟ್ ಪ್ಲಾಥ್ 1980ರ ದಶಕದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಎಳೆಯುವ ಚೀಲವಾಗಿಸಿದ್ದರು. ತಲೆಯ ಮೇಲಿನ ಗೂಡುಗಳು ತುಂಬಿದವು. 2010ರಲ್ಲಿ ಸ್ಪಿರಿಟ್ ಕಂಪನಿ ಆ ಗೂಡಿಗೂ ಬೆಲೆ ಕಟ್ಟಿತು. ಮುಂಚೆಯೇ ಕೊಟ್ಟರೆ ಕಡಿಮೆ, ಗೇಟಿನಲ್ಲಿ ಹೆಚ್ಚು. 2012ರಲ್ಲಿ ಗೇಟಿನ ದರ 100 ಡಾಲರಿಗೆ ಏರಿತು.

ಇಲ್ಲಿ ತಕ್ಕಡಿಯ ಅರ್ಥವೇ ಬದಲಾಯಿತು. ಮನೆಯಲ್ಲಿ ಕೊಟ್ಟರೂ ಗೇಟಿನಲ್ಲಿ ಕೊಟ್ಟರೂ ಚೀಲದ ಭಾರ ಒಂದೇ. ಬದಲಾಗುವುದು ನಮ್ಮ ಸ್ಥಿತಿ. ಗೇಟಿನಲ್ಲಿ ನಮಗೆ ಹಿಂದೆ ಹೋಗುವ ದಾರಿಯಿಲ್ಲ, ಚೌಕಾಸಿಗೆ ಸಮಯವಿಲ್ಲ. ಆ ಅಸಹಾಯಕತೆಗೇ ಬೆಲೆ.

ಈ ಜಗಳದಲ್ಲಿ ನನಗಿಂತ ಮೊದಲು ಒಬ್ಬ ಹೆಣ್ಣುಮಗಳು ಇದ್ದಳು. 2010ರಲ್ಲಿ ಸ್ಪೇನಿನ ಆ ಕೊರುನ್ಯಾದಿಂದ ಆಮ್‌ಸ್ಟರ್‌ಡ್ಯಾಮಿಗೆ ನಾಲ್ಕು ಟಿಕೆಟ್ ಕೊಂಡ ಆಕೆಗೆ, ಎರಡು ಚೆಕ್-ಇನ್ ಚೀಲಗಳಿಗೆಂದು ವುವೆಲಿಂಗ್ ಕಂಪನಿ 40 ಯೂರೋ ಹೆಚ್ಚು ಹಾಕಿತು. ಆಕೆ ದೂರು ಕೊಟ್ಟಳು. ಗಲಿಸಿಯಾದ ಗ್ರಾಹಕ ಸಂಸ್ಥೆ ಕಂಪನಿಗೆ 3,000 ಯೂರೋ ದಂಡ ಹಾಕಿತು. ವ್ಯಾಜ್ಯ ಯುರೋಪಿಯನ್ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. 2014ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು: ಚೆಕ್-ಇನ್ ಚೀಲಕ್ಕೆ ಹಣ ಕೇಳಬಹುದು. ಗೆದ್ದದ್ದು ಕಂಪನಿಯ ವಾದ. ಆದರೆ ಅದೇ ತೀರ್ಪಿನೊಳಗೆ ಇನ್ನೊಂದು ಮಾತೂ ಇತ್ತು: ಕೈಚೀಲ ಪ್ರಯಾಣದ ಅನಿವಾರ್ಯ ಭಾಗ, ತೂಕ ಮತ್ತು ಅಳತೆ ಸಮಂಜಸವಾಗಿದ್ದರೆ ಅದಕ್ಕೆ ಹೆಚ್ಚುವರಿ ಹಣ ಕೇಳುವಂತಿಲ್ಲ. 2024ರಲ್ಲಿ ಸ್ಪೇನ್ ಸರ್ಕಾರ ಕೈಚೀಲದ ಶುಲ್ಕವೂ ಸೇರಿದಂತೆ ಹಲವು ಕಾರಣಗಳಿಗೆ ಐದು ವಿಮಾನ ಕಂಪನಿಗಳಿಗೆ ಒಟ್ಟು 179 ಮಿಲಿಯನ್ ಯೂರೋ ದಂಡ ವಿಧಿಸಿತು. ಕಂಪನಿಗಳು ಅದನ್ನು ಒಪ್ಪದೆ ಕೋರ್ಟಿಗೆ ಹೋದವು.

ನಾನೂ ಆ ತೀರ್ಪಿನ ಮಾತನ್ನು ಬರೆದು ದೂರು ಕಳಿಸಿದೆ. ಚೀಲದ ಅಳತೆ ಮೀರಿದೆ ಎಂದು ಎರಡು ಸಾಲಿನ ಉತ್ತರ ಬಂತು. ಎಷ್ಟು ಸೆಂಟಿಮೀಟರ್ ಎಂದು ಕೇಳಿದೆ. ಅದಕ್ಕೆ ಉತ್ತರವಿಲ್ಲ. ನನ್ನ ಬಳಿಯೂ ಫೋಟೋ ಇರಲಿಲ್ಲ. "ಸಮಂಜಸ" ಎಂಬ ಒಂದು ಪದ, ಆ ಎರಡು ಬೆರಳು, ಇವುಗಳ ನಡುವೆ ನನ್ನ 60 ಯೂರೋ ಇನ್ನೂ ಸಿಕ್ಕಿಕೊಂಡಿದೆ.

ಹೆಂಡತಿ ನಗುತ್ತಾಳೆ. ನಾನು ರಸೀದಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದೇನೆ. ಮುಂದಿನ ಸಲ ಹಣ ಕೊಡುವ ಮೊದಲು ಚೌಕಟ್ಟಿನಲ್ಲಿರುವ ಚೀಲದ ಫೋಟೋ ತೆಗೆಯುತ್ತೇನೆ, ಅಳತೆಪಟ್ಟಿ ಇಟ್ಟು.