ಕಾಂಪ್ಲೆಕ್ಸ್‌ಗೆ ವಯಸ್ಸಾಗುವುದು ಯಾವಾಗ?

ಇವತ್ತು ಒಂದು ಪದದಿಂದ ಶುರು ಮಾಡ್ತೀನಿ. ಶಿಥಿಲ. ಪಾಲಿಕೆಯ ಕಡತದಲ್ಲಿ ಈ ಪದ ಬಿತ್ತು ಅಂದ್ರೆ ಆ ಕಟ್ಟಡದ ಕಥೆ ಮುಗೀತು ಅಂತಲೇ ಲೆಕ್ಕ. ಮೊದಲು ಎಂಜಿನಿಯರ್ ವರದಿ, ಆಮೇಲೆ ಅಂಗಡಿಯವರಿಗೆ ನೋಟಿಸ್, ಅದರ ಹಿಂದೆಯೇ ಜೆಸಿಬಿ. ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಶಾಪಿಂಗ್ ಕಾಂಪ್ಲೆಕ್ಸ್ ಪ್ರತಿ ಊರಿನಲ್ಲೂ ಇದೆ. ಮಳೆ ಬಂದರೆ ಸೋರುತ್ತೆ, ಮೆಟ್ಟಿಲ ಮೂಲೆಯಲ್ಲಿ ಪಾನ್ ಉಗಿದ ಕಲೆ, ಮೇಲಿನ ಮಹಡಿಯಲ್ಲಿ ಅರ್ಧ ಶಟರ್ ಬಂದ್. ಸುತ್ತಮುತ್ತ ಗಾಜಿನ ಕಟ್ಟಡಗಳು ಎದ್ದ ಮೇಲಂತೂ ಅದು ಇನ್ನೂ ಕುಗ್ಗಿದ ಹಾಗೆ ಕಾಣುತ್ತೆ. ಕೆಡವಿ ಹೊಸದು ಕಟ್ಟೋಣ ಅಂದರೆ ಯಾರಿಗೆ ಬೇಡ? ಎಲ್ಲರಿಗೂ ಬೇಕು. ಆದರೆ ನನಗೆ ಒಂದು ಪ್ರಶ್ನೆ ಇದೆ. ಈ ಕಟ್ಟಡಗಳಿಗೆ ವಯಸ್ಸಾಗೋದು ಯಾವಾಗ?

ಆಳಂದ, ಅಫಜಲಪುರ, ಜೇವರ್ಗಿ ಸುತ್ತಾಡುವಾಗ ಅಂಗಡಿಕಾರರ ಜೊತೆ ಮಾತಾಡುವ ಅವಕಾಶ ಸಿಕ್ಕಿತ್ತು. ಆ ಕಡೆಯವರೊಬ್ಬರು ಹೇಳಿದ ಮಾತು ಇದು: "ಬಿಲ್ಡಿಂಗ್ ಹಳೇದಾಗ್ಯದ ಅಂತಾರ್ರಿ ಸರ್. ಕಟ್ಟಿದಾಗಿಂದ ಒಮ್ಮಿ ಸುಣ್ಣ ಹಚ್ಚಿಲ್ಲ, ಒಂದು ಪೈಪ್ ಬದಲ್ ಮಾಡಿಲ್ಲ. ಹಳೇದಾಗ್ಲಾರ್ದೆ ಏನ್ ಮಾಡ್ತದರಿ?" ಈ ಮಾತಿಗೆ ಉತ್ತರ ಬೇಕು ಅಂದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆರುನೂರು ವರ್ಷಕ್ಕೂ ಹಿಂದಕ್ಕೆ.

1347ರಲ್ಲಿ ಅಲ್ಲಾವುದ್ದೀನ್ ಹಸನ್ ಬಹಮನ್ ಶಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆ ಗಟ್ಟಿಯಾಯಿತು, 1367ರಲ್ಲಿ ಜಾಮಾ ಮಸೀದಿ ಬಂತು. ರಾಜಧಾನಿ ಅಂದ ಮೇಲೆ ಬಜಾರ್ ಇರಲೇಬೇಕು. ಕಲಬುರಗಿಯ ಹಳೆಯ ಬಜಾರಿನ ಅಳತೆಯನ್ನು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. 570 ಅಡಿ ಉದ್ದ, 60 ಅಡಿ ಅಗಲ, ಎರಡೂ ಬದಿಗೆ 61 ಕಮಾನುಗಳ ಸಾಲು. ಈಗ ನೀವೇ ಲೆಕ್ಕ ಹಾಕಿ. 570 ಅಡಿಯನ್ನು 61ರಿಂದ ಭಾಗಿಸಿದರೆ ಒಂದು ಕಮಾನಿಗೆ ಹೆಚ್ಚುಕಡಿಮೆ ಒಂಬತ್ತು ಅಡಿ. ಇವತ್ತು ಪುರಸಭೆ ಕಟ್ಟುವ ಮಳಿಗೆಯ ಅಗಲ ಎಷ್ಟು? ಎಂಟು, ಒಂಬತ್ತು, ಹತ್ತು ಅಡಿ! ಸಣ್ಣ ವ್ಯಾಪಾರಿಗೆ ಬೇಕಾದ ಜಾಗ ಶತಮಾನಗಳು ಕಳೆದರೂ ಬದಲಾಗಿಲ್ಲ. ಬದಲಾಗಿರೋದು ಗಿರಾಕಿಗೆ ಬಿಟ್ಟ ಜಾಗ. ಅಲ್ಲಿ 60 ಅಡಿ ಬೀದಿ, ನಮ್ಮ ಕಾಂಪ್ಲೆಕ್ಸಿನ ಒಳಗೆ ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದ ಓಣಿ.

ಹದಿನೈದನೇ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನು ಬೀದರ್‌ಗೆ ಒಯ್ದರು. ಅರಮನೆ ಖಾಲಿಯಾಯಿತು, ದರ್ಬಾರು ಹೋಯಿತು. ಕಲಬುರಗಿಯ ವ್ಯಾಪಾರ ಮಾತ್ರ ಹೋಗಲಿಲ್ಲ. ಯಾಕಂದ್ರೆ ಭೀಮಾ ತೀರದ ಕರಿನೆಲದಲ್ಲಿ ಬೆಳೆದ ಜೋಳ, ತೊಗರಿ, ಹತ್ತಿ ಎಲ್ಲಾದರೂ ಮಾರಾಟ ಆಗಲೇಬೇಕಲ್ವಾ? 1870ರ ದಶಕದ ಹೊತ್ತಿಗೆ ಸೋಲಾಪುರದಿಂದ ರಾಯಚೂರಿನ ಕಡೆಗೆ ರೈಲು ಹಳಿ ಬಂತು. ಆಗ ನಿಜಾಮರ ಆಡಳಿತ. ದವಸದ ವ್ಯಾಪಾರಕ್ಕೆ ಗಂಜ್‌ಗಳು ಬೆಳೆದವು. ಮುಂದೆ 1930ರಲ್ಲಿ ಹೈದರಾಬಾದ್ ಸಂಸ್ಥಾನ ಕೃಷಿ ಮಾರುಕಟ್ಟೆ ಕಾಯ್ದೆಯನ್ನೇ ತಂದಿತು. ದೇಶದಲ್ಲಿ ಇಂಥ ಕಾನೂನು ಬೇಗ ತಂದ ಕಡೆಗಳಲ್ಲಿ ಇದೂ ಒಂದು. ಮಾರುಕಟ್ಟೆ ಅಂದರೆ ನಾಲ್ಕು ಗೋಡೆ ಮಾತ್ರ ಅಲ್ಲ, ಅಲ್ಲಿ ಕೂರುವವನಿಗೆ, ಮಾರುವವನಿಗೆ ಬರೆದಿಟ್ಟ ನಿಯಮ ಬೇಕು ಅನ್ನೋದು ಆಗಲೇ ಗೊತ್ತಿತ್ತು. ಈ ಅಂಶ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸ್ವಾತಂತ್ರ್ಯ ಬಂತು, 1956ರಲ್ಲಿ ಏಕೀಕರಣವಾಯಿತು. ನಂತರದ ದಶಕಗಳಲ್ಲಿ ಪುರಸಭೆ, ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರಗಳು ತಾವೇ ಕಾಂಪ್ಲೆಕ್ಸ್ ಕಟ್ಟಲು ಹೊರಟವು. ಉದ್ದೇಶ ಒಳ್ಳೆಯದೇ. ಬೀದಿಯಲ್ಲಿ ಕೂತವನಿಗೆ ಸೂರು, ಸಂಸ್ಥೆಗೆ ತಿಂಗಳ ಬಾಡಿಗೆ, ಜನರಿಗೆ ಒಂದೇ ಕಡೆ ಎಲ್ಲ ಸಾಮಾನು. ಬೆಂಗಳೂರಿನ ಜಯನಗರವನ್ನೇ ತಗೊಳ್ಳಿ. 1948ರಲ್ಲಿ ಶಂಕುಸ್ಥಾಪನೆಯಾದ ಬಡಾವಣೆ. ಅದರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್ ದಕ್ಷಿಣ ಬೆಂಗಳೂರಿನ ಮಧ್ಯಮ ವರ್ಗದ ಹೃದಯ ಇದ್ದ ಹಾಗೆ. ತರಕಾರಿಯಿಂದ ಸೀರೆವರೆಗೆ ಎಲ್ಲವೂ ಅಲ್ಲೇ. ಜೊತೆಗೆ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ. ಮಾಲ್ ಅನ್ನೋ ಪದ ನಮ್ಮ ಬಾಯಿಗೆ ಬರುವ ಮೊದಲೇ ಅದು ನಮ್ಮ ಮಾಲ್ ಆಗಿತ್ತು.

ಅದೇ ಕಾಲದಲ್ಲಿ ಎಂ.ಜಿ. ರಸ್ತೆಯಲ್ಲಿ 25 ಮಹಡಿಯ ಯುಟಿಲಿಟಿ ಬಿಲ್ಡಿಂಗ್ ಎದ್ದಿತು. ಬೆಂಗಳೂರಿಗೆ ಬಂದವರು ತಲೆ ಎತ್ತಿ ನೋಡುತ್ತಿದ್ದ ಕಟ್ಟಡ. ಬುಡದಲ್ಲಿ ಅಂಗಡಿಗಳು, ಮೇಲೆ ಕಚೇರಿಗಳು. ಆಮೇಲೆ 2004ರಲ್ಲಿ ಕೋರಮಂಗಲದ ಫೋರಂ, 2005ರಲ್ಲಿ ಮ್ಯಾಗ್ರತ್ ರಸ್ತೆಯ ಗರುಡಾ ಮಾಲ್. ಗರುಡಾ ಬಂದಿದ್ದು ಪಾಲಿಕೆಯ ಜಾಗದಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ. ಅಲ್ಲಿಂದ ಎಲ್ಲ ಪಾಲಿಕೆಗಳ ಕಣ್ಣು ತೆರೆಯಿತು. ಜಾಗ ನಮ್ಮದು, ದುಡ್ಡು ಬಿಲ್ಡರ್‌ದು, ಲಾಭದಲ್ಲಿ ಪಾಲು!

ಇದರ ಹಿಂದಿನ ಗಣಿತ ಸರಳ. ಹತ್ತು ಸಾವಿರ ಚದರಡಿ ನಿವೇಶನದಲ್ಲಿ ಎರಡು ಪಟ್ಟು ಕಟ್ಟಲು ಅನುಮತಿ ಇದ್ದರೆ ಇಪ್ಪತ್ತು ಸಾವಿರ ಚದರಡಿ ಸಿಗುತ್ತೆ, ಮೂರು ಪಟ್ಟಾದರೆ ಮೂವತ್ತು ಸಾವಿರ. ಹಳೇ ಕಾಂಪ್ಲೆಕ್ಸ್ ಒಂದೇ ಮಹಡಿಯದ್ದಾಗಿದ್ದರೆ ಅದರ ನೆತ್ತಿಯ ಮೇಲಿನ ಖಾಲಿ ಆಕಾಶವೇ ಆಸ್ತಿ. ಕೆಳಗಿನ ಅಂಗಡಿಯವನು ಯಾವತ್ತೋ ನಿಗದಿಯಾದ ಬಾಡಿಗೆ ಕಟ್ಟುತ್ತಾ ಇರ್ತಾನೆ. ಬಾಡಿಗೆ ಕಡಿಮೆ ಅಂತ ಸಂಸ್ಥೆ ದುರಸ್ತಿಗೆ ದುಡ್ಡು ಹಾಕಲ್ಲ. ದುರಸ್ತಿ ಇಲ್ಲ ಅಂತ ಅಂಗಡಿಯವನು ಹೆಚ್ಚಿಗೆ ಬಾಡಿಗೆ ಕೊಡಲ್ಲ. ಈ ಜಗ್ಗಾಟದಲ್ಲಿ ಮೂವತ್ತು ವರ್ಷ ಹೋಗುತ್ತೆ, ಛಾವಣಿಯ ಕಬ್ಬಿಣ ಹೊರಗೆ ಇಣುಕುತ್ತೆ. ಒಂದು ದಿನ ಪಕ್ಕದಲ್ಲಿ ಹತ್ತು ಮಹಡಿ ಏಳುತ್ತೆ, ನೆಲದ ಬೆಲೆ ಜಿಗಿಯುತ್ತೆ. ಆವತ್ತೇ ಕಡತದಲ್ಲಿ 'ಶಿಥಿಲ' ಅನ್ನೋ ಪದ ಹುಟ್ಟುತ್ತೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಬಿರುಕು ಎಷ್ಟೋ ವರ್ಷದಿಂದ ಇತ್ತು. ಅದು ಎಲ್ಲರ ಕಣ್ಣಿಗೆ ಬಿದ್ದಿದ್ದು ನೆಲದ ಬೆಲೆ ಏರಿದ ಮೇಲೆ.

ಹಾಗಂತ ಎಲ್ಲ ನೋಟಿಸೂ ನಾಟಕ ಅಂತ ನಾನು ಹೇಳ್ತಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಾ? 1892ರಲ್ಲಿ ಕಟ್ಟಿದ್ದು. ಹಳೇ ಪುಸ್ತಕದ ಅಂಗಡಿಗಳಿಗೆ ಹೆಸರಾಗಿದ್ದ ಜಾಗ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷದ ನಂತರ, ಅದೇ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ದ್ವಾರದ ಭಾಗ ಕುಸಿಯಿತು. ಕೆಡವಬೇಕೋ, ಉಳಿಸಬೇಕೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ತಜ್ಞರ ಸಮಿತಿ, ಪಾರಂಪರಿಕ ಕಟ್ಟಡ ಪ್ರೇಮಿಗಳು, ಪಾಲಿಕೆ, ವ್ಯಾಪಾರಿಗಳು, ಕೊನೆಗೆ ಹೈಕೋರ್ಟ್. ಹಳೇ ಕಟ್ಟಡ ಅಂದರೆ ಮುಟ್ಟಲೇಬಾರದು ಅನ್ನುವವರು ಆ ನಾಲ್ಕು ಮನೆಗಳಿಗೂ ಉತ್ತರ ಹೇಳಬೇಕು. ಆದರೆ ಅಷ್ಟೇ ದೊಡ್ಡ ಪ್ರಶ್ನೆ ಇನ್ನೊಂದಿದೆ. ಕುಸಿಯುವ ತನಕ ನಿರ್ವಹಣೆ ಮಾಡಬೇಕಾದವರು ಎಲ್ಲಿದ್ದರು? ಮತ್ತೆ, ಅಂಗಡಿ ಕಳಕೊಂಡವರು ಎಲ್ಲಿಗೆ ಹೋದರು?

ಕೆಡವಿದ ಮೇಲೆ ಏನಾಗುತ್ತೆ ಅನ್ನೋದಕ್ಕೆ ಮತ್ತೆ ಜಯನಗರಕ್ಕೆ ಬನ್ನಿ. ಪುಟ್ಟಣ್ಣ ಚಿತ್ರಮಂದಿರ ಸೇರಿದಂತೆ ಒಂದು ಭಾಗವನ್ನು ಪಾಲಿಕೆ ನೆಲಸಮ ಮಾಡಿತು. ಹೊಸ ಕಟ್ಟಡದ ಕೆಲಸ ವರ್ಷಗಟ್ಟಲೆ ಎಳೆಯಿತು. ಅಂಗಡಿಕಾರನಿಗೆ ಒಂದು ವರ್ಷ ಅಂದರೆ ಏನು ಗೊತ್ತಾ? ಒಂದು ದಸರಾ, ಒಂದು ದೀಪಾವಳಿ, ಒಂದು ಮದುವೆ ಸೀಸನ್. ಗಿರಾಕಿ ಒಮ್ಮೆ ಬೇರೆ ಅಂಗಡಿಯ ದಾರಿ ಹಿಡಿದರೆ ಮತ್ತೆ ಬರಲ್ಲ. ಹೊಸ ಕಟ್ಟಡ ಎದ್ದರೂ ಹಳೇ ಖಾತೆಪುಸ್ತಕ ಎದ್ದು ಬರಲ್ಲ.

ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಇನ್ನೊಂದು ಪಾಠ. 1920ರ ದಶಕದ ಹಳೇ ಕಟ್ಟಡದ ಹಿಂದೆ 1990ರ ದಶಕದಲ್ಲಿ ಬಹುಮಹಡಿ ಕಟ್ಟಡ ಬಂತು. ವ್ಯಾಪಾರ ಮೇಲಕ್ಕೆ ಹತ್ತಲಿಲ್ಲ. ಹೂವು, ತರಕಾರಿ ಕೊಳ್ಳುವವರು ನೆಲದಲ್ಲೇ ಉಳಿದರು. ಸೊಪ್ಪು ತಗೊಳ್ಳೋಕೆ ಮೂರನೇ ಮಹಡಿಗೆ ಯಾರಾದ್ರೂ ಹತ್ತುತ್ತಾರಾ? ನಕ್ಷೆ ಬರೆಯುವವರು ಆಕಾಶ ನೋಡಿ ಬರೀತಾರೆ, ವ್ಯಾಪಾರ ನಡೆಯೋದು ನೆಲದ ಮೇಲೆ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಲಂಡನ್‌ನಲ್ಲಿ ಎಲಿಫೆಂಟ್ ಅಂಡ್ ಕ್ಯಾಸಲ್ ಅನ್ನೋ ಜಾಗದಲ್ಲಿ 1965ರಲ್ಲಿ ಒಂದು ಶಾಪಿಂಗ್ ಸೆಂಟರ್ ತೆರೆಯಿತು. ಯುರೋಪಿನ ಮೊದಮೊದಲ ಛಾವಣಿಯಡಿಯ ಮಾಲ್‌ಗಳಲ್ಲಿ ಒಂದು. ಕಾಲ ಕಳೆದಂತೆ ಅದಕ್ಕೆ ಮಸುಕು ಬಡಿಯಿತು, ಸುತ್ತ ಎತ್ತರದ ಫ್ಲಾಟುಗಳು ಬಂದವು. ಆದರೆ ಒಳಗೆ ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು ಸಣ್ಣಸಣ್ಣ ಅಂಗಡಿ, ಹೋಟೆಲು ಹಾಕಿ ಬದುಕು ಕಟ್ಟಿಕೊಂಡಿದ್ದರು. 2020ರಲ್ಲಿ ಅದನ್ನು ಮುಚ್ಚಿದರು, ಆಮೇಲೆ ಕೆಡವಿದರು. ಅಲ್ಲಿನ ವ್ಯಾಪಾರಿಗಳ ಹೋರಾಟದ ಕೇಂದ್ರ ಕಟ್ಟಡ ಆಗಿರಲಿಲ್ಲ. ನಮಗೆ ಬದಲಿ ಜಾಗ ಎಲ್ಲಿ, ಬಾಡಿಗೆ ಎಷ್ಟು ಅನ್ನೋದಾಗಿತ್ತು. ಕೆಲವರಿಗೆ ಹತ್ತಿರದಲ್ಲೇ ಜಾಗ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಲಂಡನ್ ಆದರೇನು, ಲಾಡಜ್ಜನ ಓಣಿ ಆದರೇನು, ಸಣ್ಣ ವ್ಯಾಪಾರಿಯ ಪ್ರಶ್ನೆ ಒಂದೇ.

ಈಗ ಕಲಬುರಗಿಗೆ ವಾಪಸ್ ಬರೋಣ. ಅಲ್ಲಿ 'ಸೂಪರ್ ಮಾರ್ಕೆಟ್' ಅಂದರೆ ಒಂದು ಅಂಗಡಿಯ ಹೆಸರಲ್ಲ, ಇಡೀ ಪ್ರದೇಶದ ಹೆಸರು. ಜೇವರ್ಗಿ ರೈತ ಗಂಜ್‌ಗೆ ತೊಗರಿ ಹಾಕಿ, ಕೈಗೆ ದುಡ್ಡು ಬಂದ ಮೇಲೆ ಮಗಳ ಮದುವೆ ಬಟ್ಟೆಗೆ ಅಲ್ಲಿಗೇ ಹೋಗ್ತಾನೆ. ಆಳಂದ, ಅಫಜಲಪುರದವರಿಗೆ ಒಂದು ಕಡೆ ಸೋಲಾಪುರ, ಇನ್ನೊಂದು ಕಡೆ ಕಲಬುರಗಿ. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಗೆ ಬಂತು. 2019ರಲ್ಲಿ ಕಲಬುರಗಿಗೆ ವಿಮಾನ ಇಳಿಯಿತು, ಅದೇ ವರ್ಷ ತೊಗರಿಗೆ ಜಿಐ ಟ್ಯಾಗ್ ಸಿಕ್ಕಿತು. ಊರು ಬೆಳೀತಿದೆ, ಅಪಾರ್ಟ್‌ಮೆಂಟ್‌ಗಳು ಏಳ್ತಿವೆ, ನೆಲದ ಬೆಲೆಯೂ ಏರ್ತಿದೆ. ಬೆಂಗಳೂರಿನಲ್ಲಿ ನಡೆದದ್ದು ಇಲ್ಲಿಗೂ ಬರುತ್ತೆ, ಆಮೇಲೆ ತಾಲ್ಲೂಕು ಕೇಂದ್ರಗಳಿಗೂ ಬರುತ್ತೆ.

ಬರಲಿ. ಬೇಡ ಅನ್ನಲ್ಲ. ಸೋರುವ ಛಾವಣಿ ಕೆಳಗೆ ಯಾರೂ ವ್ಯಾಪಾರ ಮಾಡಬಾರದು. ಆದರೆ ಬರುವ ಮೊದಲು ಮೂರು ಕಾಗದ ಕೈಯಲ್ಲಿರಲಿ. ಮೊದಲನೆಯದು, ಕಟ್ಟಡದ ಸಾಮರ್ಥ್ಯ ಪರೀಕ್ಷೆಯ ವರದಿ. ಅದು ಅಧಿಕಾರಿಯ ಬೀರುವಿನಲ್ಲಿ ಇರುವುದಲ್ಲ, ಅಂಗಡಿಯವರ ಕೈಗೆ, ಕನ್ನಡದಲ್ಲಿ. ದುರಸ್ತಿಗೆ ಎಷ್ಟು, ಹೊಸದಕ್ಕೆ ಎಷ್ಟು, ಎರಡೂ ಲೆಕ್ಕ ಅದರಲ್ಲಿ ಇರಬೇಕು. ಎರಡನೆಯದು, ಮರಳುವ ಹಕ್ಕಿನ ಕರಾರು. ಈಗಿರುವವರಿಗೆ ಹೊಸ ಕಟ್ಟಡದಲ್ಲಿ ಯಾವ ಮಹಡಿ, ಎಷ್ಟು ಅಳತೆ, ಎಷ್ಟು ಬಾಡಿಗೆ, ತಡವಾದರೆ ಪರಿಹಾರ ಏನು. ಪುರಸಭೆ ಮಳಿಗೆಗಳ ಗುತ್ತಿಗೆ ಸಾಮಾನ್ಯವಾಗಿ 12 ವರ್ಷದ್ದು, ಅವಧಿ ಮುಗಿದರೆ ಮರುಹರಾಜು. ಕೆಡವುವ ಹೊತ್ತಿಗೆ ಗುತ್ತಿಗೆ ಮುಗಿದಿದ್ದರೆ ಅಂಗಡಿಯವನ ಕೈಯಲ್ಲಿ ಏನೂ ಉಳಿಯಲ್ಲ. ಅದಕ್ಕೇ ಬಾಯಿಮಾತಿನ ಭರವಸೆ ನಂಬಬೇಡಿ. ಮೂರನೆಯದು, ಕಾಂಪ್ಲೆಕ್ಸಿನ ಹೊರಗೆ ಕೂತವರ ಪಟ್ಟಿ. ಬಳೆ ಮಾರುವ ಅಕ್ಕ, ಹಣ್ಣಿನ ಬಂಡಿಯ ಅಣ್ಣ, ಚಪ್ಪಲಿ ಹೊಲಿಯುವ ಅಜ್ಜ, ಇವರಿಗೆ ಬಾಡಿಗೆ ರಸೀದಿಯೇ ಇಲ್ಲ. ಆದರೆ ಕಾನೂನು ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸಬಾರದು ಅಂತ ಅದರ ಅನುಸೂಚಿ ಹೇಳುತ್ತೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ. ನಿಮ್ಮೂರಿನಲ್ಲಿ ಆ ಸಮಿತಿ ಕೊನೇ ಸಲ ಯಾವಾಗ ಸೇರಿತ್ತು ಅಂತ ಒಮ್ಮೆ ಕೇಳಿ ನೋಡಿ.

1930ರಲ್ಲಿ ಒಬ್ಬ ನಿಜಾಮ ಆಳುತ್ತಿದ್ದ ಸಂಸ್ಥಾನಕ್ಕೆ ಮಾರುಕಟ್ಟೆಗೆ ಲಿಖಿತ ನಿಯಮ ಬೇಕು ಅಂತ ಅನ್ನಿಸಿತ್ತು. ನಾವೀಗ ನಮ್ಮದೇ ಮತ ಹಾಕಿ ಪುರಸಭೆ ಆರಿಸ್ತೀವಿ. ಇವತ್ತಲ್ಲ ನಾಳೆ ನಿಮ್ಮ ಬಸ್ ಸ್ಟ್ಯಾಂಡ್ ಎದುರಿನ ಕಾಂಪ್ಲೆಕ್ಸ್ ಮುಂದೆ ಹೊಸ ಕಟ್ಟಡದ ಬಣ್ಣದ ಚಿತ್ರ ಇರುವ ಫ್ಲೆಕ್ಸ್ ಬೀಳುತ್ತೆ. ಲಿಫ್ಟು, ಗಾಜು, ಕಾರಂಜಿ ಎಲ್ಲ ಇರುತ್ತೆ. ಅದರಲ್ಲಿ ನಿಮಗೆ ಇಪ್ಪತ್ತು ವರ್ಷದಿಂದ ಉದ್ರಿ ಕೊಟ್ಟ ಅಂಗಡಿಯವರ ಜಾಗ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಅನ್ನಿ. ತೋರಿಸಿದರೆ ಪೂಜೆಗೆ ಹೋಗಿ ತೆಂಗಿನಕಾಯಿ ಒಡೆದು ಬನ್ನಿ. ತೋರಿಸದಿದ್ದರೆ ಮುಂದಿನ ಸಾಮಾನ್ಯ ಸಭೆಗೆ ನಿಮ್ಮ ವಾರ್ಡಿನ ಸದಸ್ಯರ ಕೈಯಲ್ಲಿ ಆ ಪ್ರಶ್ನೆಯನ್ನು ಬರೆದು ಕಳಿಸಿ.